ಅಂಗೈಯೊಳಗಿನ ಹಳೆಯ ಮನೆ

ಹೊಸ ಫೋನು ಕೈಗೆ ಬಂದ ಮೂರನೆಯ ದಿನವೇ ರಾಯರು ಅದರ ಒಂದು ಸುಳ್ಳನ್ನು ಹಿಡಿದರು.

ಹಳೆಯ ಫೋನಿನ ಮೆಮೊರಿ ಕಾರ್ಡಿನಲ್ಲಿದ್ದ ಚಿತ್ರಗಳನ್ನೆಲ್ಲ ಮೊಮ್ಮಗಳು ಹೊಸದಕ್ಕೆ ಸಾಗಿಸಿಕೊಟ್ಟಿದ್ದಳು. ಸಂಜೆಯ ಕಾಫಿ ಮುಗಿದ ಮೇಲೆ ರಾಯರು ಕನ್ನಡಕವನ್ನು ಸರಿಪಡಿಸಿಕೊಂಡು ಅವುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಎಲ್ಲಕ್ಕಿಂತ ಹಿಂದಿನದೆಂದು ಮೊಟ್ಟಮೊದಲ ಸಾಲಿನಲ್ಲಿ ನಿಂತಿದ್ದುದು ಅವರ ಪತ್ನಿಯ ಚಿತ್ರ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕುಳಿತು, ಮೊರವನ್ನು ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದವರು, ಯಾರೋ ಕರೆದರೆಂದು ತಲೆಯೆತ್ತಿದ ಗಳಿಗೆ ಅದು. ಆಕೆ ತೀರಿಕೊಂಡು ಆರು ವರ್ಷಗಳಾಗಿದ್ದವು. ಸ್ಟುಡಿಯೋದ ಕುರ್ಚಿಯಲ್ಲಿ ಬಿಗಿದು ಕುಳಿತ ಚಿತ್ರಗಳು ಗೋಡೆಯ ಮೇಲೆ ಎರಡು ಮೂರು ಇದ್ದವು. ಆದರೆ ಆಕೆ ಆಕೆಯಂತೆಯೇ ಇದ್ದ ಚಿತ್ರ ಇದೊಂದೇ. ರಾಯರು ಕೆಳಗಿದ್ದ ತಾರೀಖನ್ನು ಓದಿದರು: 1970, ಜನವರಿ 1, ಬೆಳಗಿನ 5 ಗಂಟೆ 30 ನಿಮಿಷ.

"ಏನಮ್ಮ ಇದು?" ಎಂದು ಅವರು ಒಳಗಿದ್ದ ಮೊಮ್ಮಗಳನ್ನು ಕೂಗಿದರು. "1970ರ ಜನವರಿಯಲ್ಲಿ ನಾನು ಚಾಮರಾಜಪೇಟೆಯ ವಠಾರದಲ್ಲಿ ಒಂಟಿ ಕೋಣೆ ಹಿಡಿದು ಹೋಟೆಲಿನಲ್ಲಿ ಊಟ ಮಾಡಿಕೊಂಡಿದ್ದವನು. ನಿನ್ನ ಅಜ್ಜಿಯ ಮುಖವನ್ನು ನಾನು ಮೊದಲು ನೋಡಿದ್ದೇ 1973ರಲ್ಲಿ!"

ಬಾಳಿನುದ್ದಕ್ಕೂ ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದ ರಾಯರಿಗೆ ತಪ್ಪು ತಾರೀಖೆಂದರೆ ಸಹನೆಯಿಲ್ಲ. ತಪ್ಪನ್ನು ತಿದ್ದಿದರಷ್ಟೇ ಸಾಲದು, ಅದು ಎಲ್ಲಿಂದ ಬಂತೆಂಬುದನ್ನೂ ಪತ್ತೆಹಚ್ಚಬೇಕು ಎಂಬುದು ಅವರ ಸಿದ್ಧಾಂತ. ನಗರದ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು.

"ಇದು ಸುಳ್ಳಲ್ಲ ತಾತ. ಸಾಗಿಸುವಾಗ ಈ ಚಿತ್ರದ ತಾರೀಖು ಎಲ್ಲೋ ಕಳೆದುಹೋಗಿದೆ. ಆ ಜಾಗದಲ್ಲಿ ಸೊನ್ನೆ ಉಳಿದಿದೆ. ಫೋನಿನ ಲೆಕ್ಕದಲ್ಲಿ ಸೊನ್ನೆ ಎಂದರೆ ಇದೇ ಗಳಿಗೆ."

ಯಂತ್ರಗಳು ಕಾಲವನ್ನು ಮನುಷ್ಯರಂತೆ ತಿಥಿ ವಾರಗಳಲ್ಲಿ ಎಣಿಸುವುದಿಲ್ಲ. ಯಾವುದೋ ಒಂದು ಮುಹೂರ್ತವನ್ನು ಸೊನ್ನೆಯೆಂದಿಟ್ಟುಕೊಂಡು, ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡುಗಳು ಕಳೆದವೆಂದು ಲೆಕ್ಕವಿಡುತ್ತವೆ. ಇಂದಿನ ಫೋನುಗಳಲ್ಲಿ ಆ ಮುಹೂರ್ತ 1970ರ ಜನವರಿ 1ರ ನಡುರಾತ್ರಿ. ಆದರೆ ಅದು ಇಂಗ್ಲೆಂಡಿನ ಗ್ರೀನಿಚ್ಚಿನ ನಡುರಾತ್ರಿ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಅಲ್ಲಿಯ ನಡುರಾತ್ರಿ ಇಲ್ಲಿಯ ಬೆಳಗಿನ ಐದೂವರೆ. ತಾರೀಖು ತಿಳಿಯದ ಚಿತ್ರಗಳು ಈ ದೇಶದ ಫೋನುಗಳಲ್ಲೆಲ್ಲ ಅದೇ ಮುಂಜಾನೆಯ ಕ್ಯೂನಲ್ಲಿ ಹೋಗಿ ನಿಲ್ಲುವುದು ಇದರಿಂದಲೇ.

"ಆ ಮುಹೂರ್ತವಿಟ್ಟ ಪುರೋಹಿತರು ಯಾರು?" ಎಂದು ರಾಯರು ಕೇಳಿದರು. ಅವರಿಗೆ ಈಗ ಕೋಪ ಇಳಿದು ಕುತೂಹಲ ಹುಟ್ಟಿತ್ತು.

ಆ ಪುರೋಹಿತರಿದ್ದುದು ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್ ಎಂಬಲ್ಲಿ, ಟೆಲಿಫೋನು ಕಂಪನಿಗೆ ಸೇರಿದ ಬೆಲ್ ಪ್ರಯೋಗಶಾಲೆಯಲ್ಲಿ. 1960ರ ದಶಕದಲ್ಲಿ ಗಣಕಯಂತ್ರವೆಂದರೆ ಕೋಣೆಯನ್ನೇ ತುಂಬುವ, ಲಕ್ಷಾಂತರ ಡಾಲರು ಬೆಲೆಯ ಸಾಮಗ್ರಿ. ಒಬ್ಬರಿಗೆ ಒಂದರಂತೆ ಕೊಡುವುದು ಕನಸಿನಲ್ಲಿಯೂ ಸಾಧ್ಯವಿರಲಿಲ್ಲ. ಆದ್ದರಿಂದ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಹಂಚಿಕೊಳ್ಳುವ ಏರ್ಪಾಡು ಬೇಕಾಯಿತು. ಯಂತ್ರದ ಸಮಯ, ನೆನಪು, ಕಡತಗಳು ಇವನ್ನೆಲ್ಲ ಒಳಗಿನಿಂದ ನಡೆಸಿಕೊಂಡು ಹೋಗುವ ಆಡಳಿತಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯೂ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಬೆಲ್ ಪ್ರಯೋಗಶಾಲೆಯೂ ಕೂಡಿ ಮಲ್ಟಿಕ್ಸ್ ಎಂಬ ಭಾರಿ ವ್ಯವಸ್ಥೆಯೊಂದನ್ನು ಕಟ್ಟಲು ತೊಡಗಿದವು. ಕೆಲಸ ಬೆಳೆಯಿತೇ ಹೊರತು ಮುಗಿಯಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಶಾಲೆ ಬೇಸತ್ತು ಕೈಬಿಟ್ಟಿತು.

ಅಲ್ಲಿದ್ದ ಕೆನ್ ಥಾಂಪ್ಸನ್ ಎಂಬ ತರುಣನಿಗೆ ಆಗ ದೊಡ್ಡ ಯಂತ್ರವೂ ಇಲ್ಲ, ದೊಡ್ಡ ಕೆಲಸವೂ ಇಲ್ಲ. ಮೂಲೆಯಲ್ಲಿ ಹೆಚ್ಚು ಬಳಕೆಯಿಲ್ಲದೆ ನಿಂತಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರದಲ್ಲಿ ಅವನು ಗ್ರಹಗಳ ನಡುವೆ ನೌಕೆಯನ್ನು ನಡೆಸುವ ಆಟವೊಂದನ್ನು ಆಡಿಸುತ್ತಿದ್ದ. ಆ ವರ್ಷದ ಬೇಸಿಗೆಯಲ್ಲಿ ಅವನ ಪತ್ನಿ ಕೂಸನ್ನೆತ್ತಿಕೊಂಡು ಕ್ಯಾಲಿಫೋರ್ನಿಯಾದಲ್ಲಿದ್ದ ಹಿರಿಯರನ್ನು ಕಾಣಲು ಹೋದಳು. ಮನೆ ಖಾಲಿಯಾದ ಆ ದಿನಗಳಲ್ಲಿ ಅವನು ಒಂದೊಂದು ಭಾಗಕ್ಕೆ ಒಂದೊಂದು ವಾರದಂತೆ ಗಡುವಿಟ್ಟುಕೊಂಡು, ಸುಮಾರು ಒಂದು ತಿಂಗಳೊಳಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನು ನಿಲ್ಲಿಸಿಬಿಟ್ಟ. ಮಲ್ಟಿ ಎಂದರೆ ಹಲವು, ಯೂನಿ ಎಂದರೆ ಒಂದು. ಮಲ್ಟಿಕ್ಸನ್ನು ಅಣಕಿಸಿ ಗೆಳೆಯರು ಇದಕ್ಕೆ ಯೂನಿಕ್ಸ್ ಎಂದರು.

ಯೂನಿಕ್ಸಿನ ಗಡಿಯಾರವೂ ಮೊದಲು ಎಡವಿತು. ಪ್ರಾರಂಭದಲ್ಲಿ ಅದು ಕಾಲವನ್ನು ಸೆಕೆಂಡಿನ ಅರುವತ್ತರಲ್ಲೊಂದು ಭಾಗವಾಗಿ ಎಣಿಸುತ್ತಿತ್ತು. ಅಷ್ಟು ಸಣ್ಣ ಚೂರುಗಳನ್ನೆಣಿಸಿದರೆ ಅಂಕೆ ಇಡುವ ಜಾಗ ಎರಡೂವರೆ ವರ್ಷದೊಳಗೇ ತುಂಬಿಹೋಗುತ್ತಿತ್ತು. ಆದ್ದರಿಂದ ಮುಂದೆ ಸೆಕೆಂಡುಗಳನ್ನೇ ಎಣಿಸುವುದೆಂದೂ, 1970ರ ಮೊದಲ ದಿನವೇ ಸೊನ್ನೆಯೆಂದೂ ಗೊತ್ತುಮಾಡಿದರು. ಪಂಚಾಂಗ ನೋಡಿ ಇಟ್ಟ ಮುಹೂರ್ತವಲ್ಲ, ಕೈಗೆ ಹತ್ತಿರವಿದ್ದ ಅನುಕೂಲವಾದ ತಾರೀಖು, ಅಷ್ಟೆ. ಆದರೆ ಒಮ್ಮೆ ನೆಟ್ಟ ಗಡಿಕಲ್ಲನ್ನು ಕೀಳುವುದು ಕಷ್ಟ. ಅದರ ಆಧಾರದ ಮೇಲೆ ಆಗಲೇ ನೂರು ಬೇಲಿಗಳು ಎದ್ದಿರುತ್ತವೆ.

"ಐವತ್ತು ವರ್ಷದ ಹಿಂದಿನದನ್ನು ಈ ಹೊಸ ಫೋನಿನಲ್ಲಿ ಏಕಿಟ್ಟುಕೊಂಡಿದ್ದಾರೆ?" ಎಂದರು ರಾಯರು.

"ಹೊಸದು ಸುಣ್ಣಬಣ್ಣ ಮಾತ್ರ ತಾತ. ಅಡಿಪಾಯ ಅದೇ."

ಅಡಿಪಾಯ ಅದೇ ಎಂಬುದಕ್ಕೆ 2016ರ ಫೆಬ್ರುವರಿಯಲ್ಲಿ ಜಗತ್ತಿಗೆಲ್ಲ ಒಂದು ಸಾಕ್ಷಿ ದೊರೆಯಿತು. ಆಗಿನ ಕೆಲವು ಐಫೋನುಗಳಲ್ಲಿ ತಾರೀಖನ್ನು ಕೈಯಿಂದ 1970ರ ಜನವರಿ 1ಕ್ಕೆ ತಿರುಗಿಸಿ, ಫೋನನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಏಳುತ್ತಲೇ ಇರಲಿಲ್ಲ. ಮುಂದಿನ ತಿಂಗಳು ಕಂಪನಿ ಅದನ್ನು ಸರಿಪಡಿಸಿತು. ಈ ಎಣಿಕೆಗೆ ಮುಂದಕ್ಕೆ ಒಂದು ಎಲ್ಲೆಯುಂಟು: ಹಳೆಯ 32 ಬಿಟ್‌ಗಳ ಎಣಿಕೆ 2038ರ ಜನವರಿ 19ರಂದು, ಭಾರತದ ಗಡಿಯಾರದಲ್ಲಿ ಬೆಳಗಿನ 8 ಗಂಟೆ 44 ನಿಮಿಷಕ್ಕೆ ತುಂಬಿಹೋಗುತ್ತದೆ. ಈಚಿನ ಫೋನುಗಳಲ್ಲಿ ಜಾಗವನ್ನು 64 ಬಿಟ್‌ಗಳಿಗೆ ಹಿಗ್ಗಿಸಿರುವುದರಿಂದ ಅವುಗಳಿಗೆ ಆ ಭಯವಿಲ್ಲ.

ಆದರೆ ಗಡಿಯಾರ ಆ ಹಳೆಯ ಮನೆಯ ಹೊರಬಾಗಿಲು ಮಾತ್ರ. ಅಲ್ಲಿಂದ ಬಂದ ಮುಖ್ಯವಾದ ಆಸ್ತಿ ಬೇರೊಂದಿದೆ, ಅದು ಗೋಡೆ.

ವಠಾರದಲ್ಲಿ ಬಾಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾಯರ ವಠಾರದಲ್ಲಿ ಹತ್ತು ಸಂಸಾರಗಳಿಗೆ ಒಂದೇ ನಲ್ಲಿ, ಒಂದೇ ಅಂಗಳ. ನಲ್ಲಿಗೆ ಸರದಿಯಿತ್ತು. ಅಂಗಳ ಎಲ್ಲರದು, ಆದರೆ ಕೋಣೆಯ ಬೀಗದ ಕೈ ಅವರವರದು. ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಂಡಾಗಲೂ ಇದೇ ಬಗೆಯ ಕಟ್ಟಲೆಗಳು ಬೇಕಾದವು. ಒಬ್ಬನ ಬರಹವನ್ನು ಇನ್ನೊಬ್ಬನು ಅಳಿಸಬಾರದು. ಒಬ್ಬನು ಯಂತ್ರವನ್ನು ಪೂರ್ತಿ ಹಿಡಿದುಕೊಂಡು ಕೂರಬಾರದು. ಫರ್ನಾಂಡೊ ಕೊರ್ಬಾಟೋ ಅವರ ನೇತೃತ್ವದಲ್ಲಿ ಮಸಾಚುಸೆಟ್ಸಿನಲ್ಲಿ 1961ರಲ್ಲಿ ತೋರಿಸಲಾದ ಹಂಚಿಕೆಯ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನಿಗೂ ಗುಟ್ಟಿನ ಪದವೊಂದು, ಅಂದರೆ ಪಾಸ್‌ವರ್ಡು, ಬಂದುದು ಹೀಗೆ. ಬೀಗ ಬಂದೊಡನೆ ಬೀಗ ತೆರೆಯುವವರೂ ಬಂದರು. 1962ರಲ್ಲಿ ಅಲ್ಲಿಯ ಸಂಶೋಧಕ ವಿದ್ಯಾರ್ಥಿಯೊಬ್ಬ, ತನಗೆ ಗೊತ್ತುಮಾಡಿದ್ದ ಗಂಟೆಗಳು ಸಾಲದೆಂದು, ಎಲ್ಲರ ಗುಟ್ಟುಪದಗಳ ಪಟ್ಟಿಯನ್ನೇ ಅಚ್ಚುಹಾಕಿಸಿಕೊಂಡು ಇತರರ ಸಮಯದಲ್ಲಿ ತನ್ನ ಕೆಲಸ ಮಾಡಿಕೊಂಡ.

ಈ ಕಟ್ಟಲೆಗಳನ್ನು ಯೂನಿಕ್ಸು ಬಹಳ ಸರಳವಾಗಿಸಿತು. ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ. ಒಡೆಯ, ಅವನ ಗುಂಪು, ಹೊರಗಿನವರು ಎಂಬ ಮೂರು ವರ್ಗದವರು ಆ ಕಡತವನ್ನು ಓದಬಹುದೇ, ತಿದ್ದಬಹುದೇ, ನಡೆಸಬಹುದೇ ಎಂಬ ಮೂರು ಪ್ರಶ್ನೆಗಳು. ಒಟ್ಟು ಒಂಬತ್ತು ಹೌದು-ಅಲ್ಲಗಳಲ್ಲಿ ಇಡೀ ವಠಾರದ ಶಾಂತಿ ಅಡಗಿತ್ತು.

ಟೆಲಿಫೋನು ಕಂಪನಿಯ ಈ ಸೊತ್ತು ಜಗತ್ತಿಗೆ ಹರಡಿದುದಕ್ಕೆ ಎರಡು ಕಾರಣಗಳು. ಥಾಂಪ್ಸನ್ನನ ಗೆಳೆಯ ಡೆನಿಸ್ ರಿಚಿ ಸಿ ಎಂಬ ಭಾಷೆಯನ್ನು ರಚಿಸಿದ. 1973ರಲ್ಲಿ ಯೂನಿಕ್ಸನ್ನು ಆ ಭಾಷೆಯಲ್ಲಿ ತಿರುಗಿ ಬರೆದರು. ಅದರಿಂದ ಅದು ಒಂದೇ ಜಾತಿಯ ಯಂತ್ರಕ್ಕೆ ಅಂಟಿಕೊಳ್ಳದೆ, ಮನೆ ಬದಲಾಯಿಸುವ ಸಂಸಾರದಂತೆ ಯಂತ್ರದಿಂದ ಯಂತ್ರಕ್ಕೆ ಹೋಗಬಲ್ಲದಾಯಿತು. ಎರಡನೆಯ ಕಾರಣ ಕಾನೂನು. 1956ರ ಒಪ್ಪಂದದ ಪ್ರಕಾರ ಟೆಲಿಫೋನು ಕಂಪನಿ ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಮಾರಲಾಗದ ವಸ್ತುವನ್ನು ಅದು ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾನಿಲಯಗಳಿಗೆ ಕೊಟ್ಟಿತು. ಟೆಲಿಫೋನು ಕಂಪನಿ ವ್ಯಾಪಾರ ಮಾಡಲಾಗದೆ ಹೊರಗೆ ಕಳಿಸಿದ ಕೂಸು ದೇಶಾಂತರ ತಿರುಗಿ, ಕೊನೆಗೆ ಪುನಃ ಟೆಲಿಫೋನಿನೊಳಕ್ಕೇ ಬಂದು ಸೇರಿತು.

ಅದು ಬಂದದ್ದು ಎರಡು ದಾರಿಗಳಲ್ಲಿ. ಮೊದಲನೆಯದು ಬರ್ಕಲಿ ವಿಶ್ವವಿದ್ಯಾನಿಲಯದ ದಾರಿ. ಅಲ್ಲಿ ಬೆಳೆದ ಯೂನಿಕ್ಸನ್ನೂ, ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಮ್ಯಾಕ್ ಎಂಬ ಒಳತಿರುಳನ್ನೂ ಕೂಡಿಸಿ, 1985ರಲ್ಲಿ ಆಪಲ್ ಕಂಪನಿಯಿಂದ ಹೊರಬಿದ್ದ ಸ್ಟೀವ್ ಜಾಬ್ಸ್ ತನ್ನ ಹೊಸ ನೆಕ್ಸ್ಟ್ ಕಂಪನಿಯಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಮಾಡಿಸಿದ. ಯಂತ್ರಗಳು ಹೆಚ್ಚು ಮಾರಾಟವಾಗಲಿಲ್ಲ. ಆದರೆ 1990ರಲ್ಲಿ ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್ಬಿನ ಮೊದಲ ರೂಪವನ್ನು ಬರೆದುದು ಅಂಥದೊಂದು ಯಂತ್ರದ ಮೇಲೆಯೇ.

ಎರಡನೆಯದು ಹೆಲ್ಸಿಂಕಿಯ ದಾರಿ. ಯೂನಿಕ್ಸಿನಂತೆಯೇ ಇರುವ, ಆದರೆ ಎಲ್ಲರೂ ಸ್ವತಂತ್ರವಾಗಿ ಬಳಸಿ ತಿದ್ದಬಹುದಾದ ವ್ಯವಸ್ಥೆ ಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ್ದರು. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಹವ್ಯಾಸಕ್ಕೆಂದು ಬರೆದ ಲಿನಕ್ಸ್ ಎಂಬ ತಿರುಳು ಆ ಕೊರತೆಯನ್ನು ತುಂಬಿತು. ಹಳೆಯ ಯೂನಿಕ್ಸಿನ ಒಂದು ಸಾಲನ್ನೂ ಎರವಲು ಪಡೆಯದೆ, ಅದರ ನಡೆನುಡಿಗಳನ್ನೆಲ್ಲ ಅದು ಕಲಿತುಕೊಂಡಿತ್ತು.

ಇಲ್ಲಿ ಒಂದು ವಿಚಿತ್ರ ಪ್ರಸಂಗವುಂಟು. 1996ರಲ್ಲಿ ಆಪಲ್ ಕಂಪನಿಯ ಸ್ವಂತ ಆಪರೇಟಿಂಗ್ ಸಿಸ್ಟಮ್ ಹಳತಾಗಿ, ಹೊರಗಿನಿಂದ ಒಂದನ್ನು ತರುವ ಯೋಚನೆ ನಡೆಯಿತು. ಬಾಗಿಲಲ್ಲಿ ನಿಂತಿದ್ದವರು ಇಬ್ಬರು. ಒಂದು, ಆಪಲಿನಲ್ಲೇ ಅಧಿಕಾರಿಯಾಗಿದ್ದ ಜಾನ್-ಲೂಯಿ ಗಾಸೆ ಸ್ಥಾಪಿಸಿದ್ದ ಬಿ ಎಂಬ ಕಂಪನಿ; ಇನ್ನೊಂದು ಜಾಬ್ಸನ ನೆಕ್ಸ್ಟ್. ಬಿ ಕಂಪನಿಯೊಡನೆ ಬೆಲೆ ಕುದುರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ನೆಕ್ಸ್ಟನ್ನು ಕೊಳ್ಳುವ ನಿರ್ಧಾರ ಪ್ರಕಟವಾಯಿತು. ನೆಕ್ಸ್ಟಿನ ಆಪರೇಟಿಂಗ್ ಸಿಸ್ಟಮ್ 2001ರಲ್ಲಿ ಮ್ಯಾಕ್ ಯಂತ್ರದ ಹೊಸ ರೂಪವಾಗಿ, 2007ರಲ್ಲಿ ಐಫೋನಾಗಿ ಬೆಳೆಯಿತು. ಐಫೋನಿಗೆ ಕಾರ್ಯಕ್ರಮ ಬರೆಯುವವರು ಇಂದಿಗೂ ಎನ್‌ಎಸ್ ಎಂದು ಪ್ರಾರಂಭವಾಗುವ ಹೆಸರುಗಳನ್ನು ಕಾಣುತ್ತಾರೆ. ಅದು ನೆಕ್ಸ್ಟ್‌ಸ್ಟೆಪ್ ಎಂಬ ಆ ಹಳೆಯ ಮನೆತನದ ಅಂಕಿತ.

ತಿರಸ್ಕೃತನಾದವನೂ ವ್ಯರ್ಥವಾಗಲಿಲ್ಲ. ಬಿ ಕಂಪನಿಯ ಸೊತ್ತನ್ನು 2001ರಲ್ಲಿ ಪಾಮ್ ಎಂಬ ಕಂಪನಿ ಕೊಂಡಿತು. ಅಲ್ಲಿಯ ಎಂಜಿನಿಯರುಗಳಲ್ಲಿ ಕೆಲವರು ಮುಂದೆ ಆಂಡ್ರಾಯ್ಡ್ ಕಟ್ಟುವ ತಂಡಕ್ಕೆ ಬಂದರು. 2003ರಲ್ಲಿ ಕ್ಯಾಮೆರಾಗಳಿಗಾಗಿ ಎಂಬ ಯೋಚನೆಯಿಂದ ಪ್ರಾರಂಭವಾಗಿ, 2005ರಲ್ಲಿ ಗೂಗಲ್ ಕೊಂಡು, 2008ರಲ್ಲಿ ಫೋನಾಗಿ ಅಂಗಡಿಗೆ ಬಂದ ಆಂಡ್ರಾಯ್ಡಿನ ತಿರುಳು ಲಿನಕ್ಸ್. ಆದರೆ ಅದರೊಳಗೆ ಒಂದು ಆ್ಯಪ್ ಇನ್ನೊಂದರೊಡನೆ ಮಾತನಾಡಬೇಕಾದರೆ ಬಳಸುವ ಬೈಂಡರ್ ಎಂಬ ಮಧ್ಯಸ್ಥನ ಕಲ್ಪನೆ ಬಂದುದು ಬಿ ಮತ್ತು ಪಾಮ್ ಮನೆಗಳಿಂದ. 1996ರಲ್ಲಿ ಒಂದೇ ಬಾಗಿಲಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬನ ವಂಶ ಐಫೋನಿನಲ್ಲಿ ಉಳಿಯಿತು. ಇನ್ನೊಬ್ಬನ ಅಂಶ ಆಂಡ್ರಾಯ್ಡಿನಲ್ಲಿ ಉಳಿಯಿತು.

"ಹಾಗಾದರೆ ನಿನ್ನ ಫೋನೂ ನನ್ನ ಫೋನೂ ದಾಯಾದಿಗಳು ಎನ್ನು" ಎಂದರು ರಾಯರು.

"ಹೌದು ತಾತ. ಅಜ್ಜಿಯ ಚಿತ್ರ ತೆಗೆದ ಫೋನಿನ ವಂಶ ಮಾತ್ರ ಬೇರೆ."

ಆ ಚಿತ್ರವನ್ನು ತೆಗೆದವಳು ಅವಳೇ. ಆಗ ಪುಟ್ಟ ಹುಡುಗಿ. ಫೋನು ರಾಯರ ಹಳೆಯ ನೋಕಿಯಾ. ಅದರೊಳಗಿದ್ದುದು ಸಿಂಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್. ಇಂಗ್ಲೆಂಡಿನ ಸಯಾನ್ ಎಂಬ ಕಂಪನಿ ತನ್ನ ಕಿಸೆಗಾತ್ರದ ದಿನಚರಿ ಯಂತ್ರಗಳಿಗೆ ಬರೆದಿದ್ದ ವ್ಯವಸ್ಥೆಯೇ 1998ರಲ್ಲಿ ನೋಕಿಯಾ, ಎರಿಕ್ಸನ್, ಮೋಟೊರೋಲಾಗಳ ಪಾಲುದಾರಿಕೆಯಿಂದ ಸಿಂಬಿಯನ್ ಆಯಿತು. ಎರಡು ಸಣ್ಣ ಬ್ಯಾಟರಿಗಳ ಮೇಲೆ ಬದುಕಬೇಕಾಗಿದ್ದ ಯಂತ್ರಗಳಲ್ಲಿ ಹುಟ್ಟಿದ್ದರಿಂದ ಅದಕ್ಕೆ ಮಿತವ್ಯಯ ಮೈಗೂಡಿತ್ತು. ಅದೇ ಕಾಲದ ಪಾಮ್ ಪೈಲಟ್ ಎಂಬ ಯಂತ್ರ 1996ರಲ್ಲಿ ಬಂದಾಗ ಅದರ ಅಗ್ಗದ ಮಾದರಿಯ ನೆನಪು ಬರಿಯ 128 ಕಿಲೋಬೈಟುಗಳು. ಅದರ ಶಿಲ್ಪಿ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲೇ ಅದೇ ಅಳತೆಯ ಮರದ ತುಂಡೊಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಡಾಡಿ, ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸಿದನಂತೆ. ಅದರಲ್ಲಿ ಬರೆದುದನ್ನು ಉಳಿಸಲು ಬೇರೆ ಗುಂಡಿ ಒತ್ತಬೇಕಾಗಿರಲಿಲ್ಲ. ಬರೆದುದು ತಾನಾಗಿಯೇ ಉಳಿಯುತ್ತಿತ್ತು. ಮುಟ್ಟಿದೊಡನೆ ಎಚ್ಚರಗೊಳ್ಳುತ್ತಿತ್ತು.

ಇದೇ ಕಾಲದಲ್ಲಿ ಮೇಜಿನ ಮೇಲಿನ ವಿಂಡೋಸಿನ ಸಂಪ್ರದಾಯವನ್ನು, ಮೂಲೆಯ ಸ್ಟಾರ್ಟ್ ಗುಂಡಿಯ ಸಮೇತ, ಅಂಗೈಗೆ ಇಳಿಸುವ ಯತ್ನವೂ ನಡೆಯಿತು. ಅರಮನೆಯ ಪೀಠೋಪಕರಣವನ್ನು ಕೋಣೆಮನೆಯಲ್ಲಿ ಜೋಡಿಸಿದಂತಾದ ಆ ಪ್ರಯೋಗ ಬಾಳಲಿಲ್ಲ. ಉಳಿದುದು ಬಡವರ ಮನೆಯ ಪಾಠ. ಇಂದು ಫೋನಿನಲ್ಲಿ ಉಳಿಸು ಎಂಬ ಗುಂಡಿಯನ್ನು ಯಾರೂ ಹುಡುಕುವುದಿಲ್ಲ. ಬಳಸದೆ ಹಿಂದೆ ಸರಿಸಿದ ಆ್ಯಪನ್ನು ವ್ಯವಸ್ಥೆ ಸದ್ದಿಲ್ಲದೆ ಮಲಗಿಸುತ್ತದೆ. ನೆನಪು ಸಾಲದಿದ್ದರೆ ಮುಗಿಸಿಯೂ ಬಿಡುತ್ತದೆ. ಅದಕ್ಕೆ ಮೊದಲು ಎಲ್ಲಿಗೆ ಬಂದಿದ್ದೆನೆಂಬ ಗುರುತನ್ನು ಬರೆದಿಡಲು ಅದಕ್ಕೆ ಅವಕಾಶ ಕೊಡುತ್ತದೆ. ತೆರೆದ ಕೆಲಸಗಳನ್ನು ಇಸ್ಪೀಟಿನ ಎಲೆಗಳಂತೆ ಸಾಲಾಗಿ ತೋರಿಸಿ, ಬೇಡವಾದುದನ್ನು ಬೆರಳಿನಿಂದ ಮೇಲಕ್ಕೆಸೆಯುವ ಪದ್ಧತಿಯನ್ನು 2009ರಲ್ಲಿ ಪಾಮ್ ತನ್ನ ಕೊನೆಯ ವ್ಯವಸ್ಥೆಯಲ್ಲಿ ತಂದಿತು. ಪಾಮ್ ಹೋಯಿತು, ಆ ಎಲೆಗಳು ಇಂದು ಎರಡು ದಾಯಾದಿಗಳ ಮನೆಯಲ್ಲಿಯೂ ಇವೆ.

ಇಷ್ಟರ ಮೇಲೆ, ವಠಾರದ ಗೋಡೆಯ ಕತೆ ಮುಂದುವರಿಯಬೇಕು. ಆಂಡ್ರಾಯ್ಡ್ ಕಟ್ಟಿದವರಿಗೆ ಒಂದು ಸಮಸ್ಯೆಯಿತ್ತು. ಯೂನಿಕ್ಸಿನ ಗೋಡೆಗಳು ಮನುಷ್ಯ ಮನುಷ್ಯರ ನಡುವೆ ಎದ್ದವು. ಫೋನಿನಲ್ಲಿಯಾದರೋ ಇರುವವನು ಒಬ್ಬನೇ. ಒಂಟಿ ಮನುಷ್ಯನ ಮನೆಗೆ ಗೋಡೆಯೇಕೆ? ಆದರೆ ಆ ಒಬ್ಬನ ಸುತ್ತ ಸೇರುವ ಆ್ಯಪ್‌ಗಳು ಒಂದನ್ನೊಂದು ಅರಿಯದವು. ಅವುಗಳನ್ನು ಬರೆದವರಾರೆಂದು ಒಡೆಯನೂ ಅರಿಯ. ಆಗ ಹೊಸ ಗೋಡೆ ಕಟ್ಟದೆ, ಹಳೆಯ ಗೋಡೆಯನ್ನೇ ತಿರುಗಿಸಿ ನಿಲ್ಲಿಸಿದರು. ಹಿಂದೆ ಒಬ್ಬೊಬ್ಬ ಮನುಷ್ಯನಿಗೆ ಕೊಡುತ್ತಿದ್ದ ಸಂಖ್ಯೆಯನ್ನು ಈಗ ಒಂದೊಂದು ಆ್ಯಪಿಗೆ ಕೊಟ್ಟರು. ಲಿನಕ್ಸಿನ ದೃಷ್ಟಿಯಲ್ಲಿ ರಾಯರ ಫೋನು ಒಬ್ಬ ರಾಯರ ಮನೆಯಲ್ಲ. 10,000ದಿಂದಾಚೆಯ ಸಂಖ್ಯೆಗಳನ್ನು ಹೊತ್ತ ಹತ್ತಾರು ಬಾಡಿಗೆದಾರರ ವಠಾರ. ಬ್ಯಾಂಕಿನ ಆ್ಯಪ್ ಒಬ್ಬ, ರೈಲು ಟಿಕೇಟಿನದು ಇನ್ನೊಬ್ಬ, ಟಾರ್ಚಿನದು ಮತ್ತೊಬ್ಬ. ಒಬ್ಬನ ಕೋಣೆಗೆ ಇನ್ನೊಬ್ಬನು ಕಾಲಿಡುವಂತಿಲ್ಲ. ಐಫೋನಿನಲ್ಲಿ ಲೆಕ್ಕ ತುಸು ಬೇರೆ: ಆ್ಯಪ್‌ಗಳು ಒಂದೇ ಹೆಸರಿನಲ್ಲಿ ನಡೆದರೂ ಪ್ರತಿಯೊಂದರ ಸುತ್ತ ಪ್ರತ್ಯೇಕ ಬೇಲಿ. ಉದ್ದೇಶ ಒಂದೇ.

ರಾಯರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ 2021ರ ಒಂದು ಮಧ್ಯಾಹ್ನ ನೆನಪಾಗಿತ್ತು.

ಆ ದಿನ ಅಪರಿಚಿತನೊಬ್ಬ ಫೋನು ಮಾಡಿ, ಎದುರುಮನೆಯ ಹುಡುಗನ ಹೆಸರು ಹೇಳಿ, ಅವನು ಸಾಲಗಾರ, ಕಳ್ಳ, ನೀವೇ ತೀರಿಸಿ ಎಂದು ಬಾಯಿಗೆ ಬಂದಂತೆ ಬೈದಿದ್ದ. ಹುಡುಗ ಕೆಲಸ ಕಳೆದುಕೊಂಡು ಯಾವುದೋ ಸಾಲದ ಆ್ಯಪಿನಿಂದ ಐದು ಸಾವಿರ ರೂಪಾಯಿ ಪಡೆದಿದ್ದನಂತೆ. ಅದೇ ಮಾತು ಅವನ ಸೋದರಮಾವನಿಗೆ ಹೋಯಿತು, ಓದಿಸಿದ ಮೇಷ್ಟರಿಗೆ ಹೋಯಿತು, ಮದುವೆಯ ಮಾತುಕತೆ ನಡೆಯುತ್ತಿದ್ದ ಮನೆಗೂ ಹೋಯಿತು. ಹುಡುಗನ ತಾಯಿ ಒಂದು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಯಾರೋ ಅವನ ಫೋನನ್ನು ಒಡೆದು ಹೆಸರುಗಳನ್ನು ಕದ್ದರೆಂದೇ ಬೀದಿಯವರೆಲ್ಲ ತಿಳಿದಿದ್ದರು.

"ಒಡೆಯಲಿಲ್ಲ ತಾತ" ಎಂದಳು ಮೊಮ್ಮಗಳು. "ಗೋಡೆ ಗಟ್ಟಿಯಾಗಿಯೇ ಇತ್ತು. ಆ ಆ್ಯಪ್ ಹೆಸರುಗಳ ಪಟ್ಟಿ ನೋಡಲೇ ಎಂದು ಕೇಳಿತು. ಅವನು ಸಾಲದ ಅವಸರದಲ್ಲಿ ಆಗಲಿ ಎಂದು ಒತ್ತಿದ."

ಗೋಡೆ ಕಟ್ಟಿದವರು ಬಾಗಿಲನ್ನೂ ಇಡಲೇಬೇಕು. ಇಲ್ಲದಿದ್ದರೆ ಪತ್ರ ಕಳಿಸುವ ಆ್ಯಪಿಗೆ ಗೆಳೆಯರ ಹೆಸರು ಸಿಕ್ಕುವುದೆಂತು? ಆ ಬಾಗಿಲಿನ ಹೆಸರೇ ಅನುಮತಿ. ಸಿಂಬಿಯನ್ನಿನ ಕೊನೆಯ ಕಾಲದಲ್ಲಿಯೇ ಯಾವ ಕಾರ್ಯಕ್ರಮಕ್ಕೆ ಯಾವ ಅಧಿಕಾರವೆಂದು ವಿಂಗಡಿಸುವ ಪದ್ಧತಿ ಬಂದಿತ್ತು. ಆಂಡ್ರಾಯ್ಡ್ ಮೊದಮೊದಲು ಬೇಕಾದ ಅನುಮತಿಗಳನ್ನೆಲ್ಲ ಉದ್ದನೆಯ ಪಟ್ಟಿಮಾಡಿ ಆ್ಯಪ್ ಸೇರಿಸುವಾಗಲೇ ಒಟ್ಟಿಗೆ ಕೇಳುತ್ತಿತ್ತು. ಒಪ್ಪಿದರೆ ಎಲ್ಲ, ಇಲ್ಲವಾದರೆ ಏನೂ ಇಲ್ಲ. ಪಟ್ಟಿಯನ್ನು ಓದಿದವರಾರು? 2012ರಲ್ಲಿ ಐಫೋನು, ಹೆಸರುಗಳ ಪಟ್ಟಿಯನ್ನು ಮುಟ್ಟುವ ಹೊತ್ತಿಗೆ ಒಡೆಯನನ್ನು ಕೇಳಬೇಕೆಂದು ವಿಧಿಸಿತು. 2015ರಲ್ಲಿ ಆಂಡ್ರಾಯ್ಡೂ ಒಂದೊಂದನ್ನು ಬೇಕಾದಾಗ ಬೇರೆ ಬೇರೆಯಾಗಿ ಕೇಳುವಂತಾಯಿತು. ಭಾರತದ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಸಾಲದ ಆ್ಯಪ್‌ಗಳು ಫೋನಿನ ಹೆಸರುಗಳ ಪಟ್ಟಿಯನ್ನು ಮುಟ್ಟಬಾರದೆಂದು ಸೂಚಿಸಿತು. 2023ರಲ್ಲಿ ಗೂಗಲ್ ತನ್ನ ಅಂಗಡಿಯಲ್ಲಿಯೂ ಅಂಥ ಆ್ಯಪ್‌ಗಳಿಗೆ ಅದನ್ನು ನಿಷೇಧಿಸಿತು. ಎದುರುಮನೆಯ ಹುಡುಗನ ಪಾಲಿಗೆ ಈ ಬೀಗಗಳೆಲ್ಲ ತಡವಾಗಿ ಬಂದವು.

ವಠಾರದಲ್ಲಿ ಗೋಡೆಗಿಂತ ಹೆಚ್ಚಾಗಿ ಕಾಯುತ್ತಿದ್ದುದು ಯಜಮಾನಿಯ ವಿವೇಕ. ಯಾರನ್ನು ಅಂಗಳದಲ್ಲೇ ಮಾತನಾಡಿಸಿ ಕಳಿಸಬೇಕು, ಯಾರನ್ನು ಅಡುಗೆಮನೆಯವರೆಗೆ ಬಿಡಬೇಕು ಎಂಬುದು ಆಕೆಗೆ ಗೊತ್ತಿತ್ತು. ಫೋನಿನಲ್ಲಿ ಆ ಸ್ಥಾನ ಒಡೆಯನದು. ಅವನಿಗೆ ತಾನು ವಠಾರದ ಒಡೆಯನೆಂಬುದೇ ತಿಳಿಯದಿದ್ದರೆ, ಥಾಂಪ್ಸನ್ ಕಟ್ಟಿದ ಗೋಡೆಯೂ ಕಾಯಲಾರದು.

ರಾಯರು ಮತ್ತೆ ಚಿತ್ರದತ್ತ ನೋಡಿದರು. ಅದರ ಕೆಳಗೆ ಮೊಮ್ಮಗಳು ಅಂದು ಎಂದೋ ಬರೆದಿದ್ದ ಒಂದೇ ಪದವಿತ್ತು: ಅಜ್ಜಿ. ತಾರೀಖು ಕಳೆದುಹೋಗಿದ್ದರೂ ಕನ್ನಡದ ಆ ಪದ ಕೆಡದೆ ಉಳಿದಿತ್ತು. ಅದರ ಕಾರಣವನ್ನೂ ಅವಳು ಹೇಳಿದಳು. ಯೂನಿಕ್ಸಿನ ನಂತರ ಬೆಲ್ ಪ್ರಯೋಗಶಾಲೆಯವರು ಪ್ಲಾನ್ 9 ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮನ್ನು ಕಟ್ಟಿದರು. ಜಗತ್ತಿನ ಎಲ್ಲ ಲಿಪಿಗಳೂ ಅದರಲ್ಲಿ ಹರಿಯಬೇಕೆಂದು, 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ, ಅದೇ ಕೆನ್ ಥಾಂಪ್ಸನ್ ರಾಬ್ ಪೈಕನ ಎದುರು ತಟ್ಟೆಯ ಕೆಳಗಿನ ಕಾಗದದ ಮೇಲೆ ಒಂದು ಬರೆವಣಿಗೆಯ ಕ್ರಮವನ್ನು ಗೀಚಿದ. ಯುಟಿಎಫ್-8 ಎಂದು ಅದರ ಹೆಸರು. ಪ್ಲಾನ್ 9 ಪೇಟೆಯಲ್ಲಿ ನಿಲ್ಲಲಿಲ್ಲ. ಆ ಕಾಗದದ ಗೀಚು ನಿಂತಿತು. ಕನ್ನಡದ ಒಂದೊಂದು ಗುರುತಿಗೂ ಅದರಲ್ಲಿ ಮೂರು ಮೂರು ಬೈಟುಗಳು. ಮನೆಮನೆಯ ಫೋನುಗಳ ನಡುವೆ ಓಡಾಡುವ ಕನ್ನಡ ಓಡಾಡುವುದು ಆ ಕ್ರಮದಲ್ಲಿಯೇ.

"ತಾರೀಖು ತಿದ್ದಿಕೊಡಲೇ?" ಎಂದು ಕೇಳಿದಳು ಮೊಮ್ಮಗಳು.

"ತಿದ್ದು. ಅವರೆಕಾಯಿ ಇದೆ, ಆದ್ದರಿಂದ ಜನವರಿ ಎಂಬುದು ತಪ್ಪಲ್ಲ. ನೀನು ಆಗ ಮೂರನೆಯ ತರಗತಿ. 2010 ಎಂದು ಹಾಕು."

ಅವಳು ತಾರೀಖು ತಿದ್ದುವ ಚಿಕ್ಕ ಆ್ಯಪೊಂದನ್ನು ಸೇರಿಸಿ ಫೋನನ್ನು ಅವರ ಕೈಗೆ ಕೊಟ್ಟಳು. ತೆರೆದೊಡನೆ ಅದು ಕೇಳಿತು: ಈ ಫೋನಿನಲ್ಲಿರುವ ಎಲ್ಲ ಚಿತ್ರಗಳನ್ನೂ ನೋಡಲು ಬಿಡುವಿರಾ, ಆರಿಸಿದವನ್ನು ಮಾತ್ರವೇ, ಅಥವಾ ಯಾವುದೂ ಬೇಡವೇ?

ಮೂರು ದಿನಗಳಿಂದ ಇಂಥ ಪ್ರಶ್ನೆಗಳಿಗೆಲ್ಲ ರಾಯರು ಓದದೆಯೇ ಮೇಲಿನ ಗುಂಡಿಯನ್ನು ಒತ್ತುತ್ತ ಬಂದಿದ್ದರು. ಈಗ ಕನ್ನಡಕವನ್ನು ತೆಗೆದು ಒರೆಸಿ ಹಾಕಿಕೊಂಡರು. ಹಿಂದೆ ವೋಚರಿಗೆ ರುಜು ಹಾಕುವ ಮುನ್ನ ಓದುತ್ತಿದ್ದಂತೆ ಮೂರು ಸಾಲುಗಳನ್ನೂ ನಿಧಾನವಾಗಿ ಓದಿದರು. ಆಮೇಲೆ ಎರಡನೆಯದನ್ನು ಒತ್ತಿ, ಸಾಲುಸಾಲಾಗಿ ತೆರೆದುಕೊಂಡ ಚಿತ್ರಗಳಲ್ಲಿ ಆ ಒಂದನ್ನು ಮಾತ್ರ ಆರಿಸಿದರು.